ನಿಂತ ಗಾಡಿ, ಕಾದ ಗಾಡಿ

ಹಳೆಯ ಮೋಟಾರು ಗಾಡಿಯನ್ನು ಇಟ್ಟುಕೊಂಡವರನ್ನು ಕಾಡುವ ದೂರುಗಳು ಮುಖ್ಯವಾಗಿ ಎರಡು. ಒಂದು, ಗಾಡಿ ನಡುದಾರಿಯಲ್ಲಿ ನಿಂತುಹೋಗುವುದು. ಇನ್ನೊಂದು, ಎಂಜಿನ್ನು ಕಾದು ಕುದಿಯುವುದು. ಬಾಗಿಲು ಕಿರುಗುಟ್ಟಿದರೆ, ಆಸನದ ಸ್ಪ್ರಿಂಗು ಚುಚ್ಚಿದರೆ ಮನುಷ್ಯ ಹೇಗೋ ಹೊಂದಿಕೊಂಡಾನು. ಈ ಎರಡರೊಡನೆ ಹೊಂದಿಕೊಳ್ಳಲಾಗದು. ಔರಾದ ಪಟ್ಟಣಕ್ಕೆ ರೈಲಿಲ್ಲ. ಅಲ್ಲಿಂದ ಬೀದರಿನ ಆಸ್ಪತ್ರೆಗೆ ಸುಮಾರು 40 ಕಿಲೋಮೀಟರಿನ ಹಾದಿ. ನಡುರಾತ್ರಿ ಹೆರಿಗೆಯ ನೋವು ತಿನ್ನುತ್ತಿರುವ ಹೆಣ್ಣುಮಗಳನ್ನು ಕೂರಿಸಿಕೊಂಡು ಹೊರಟ ಗಾಡಿ ಮಾಂಜ್ರಾ ನದಿಯ ಬಯಲಿನಲ್ಲಿ ನಿಂತರೆ ಅದು ಯಂತ್ರದ ದೋಷವಾಗಿ ಮಾತ್ರ ಉಳಿಯುವುದಿಲ್ಲ. ಆದುದರಿಂದ ಈ ಎರಡು ದೂರುಗಳ ಕಾರಣವನ್ನು ಕ್ರಮವಾಗಿ ಹುಡುಕುವ ಬಗೆಯನ್ನು ಇಂದು ತಮ್ಮ ಮುಂದೆ ಇಡಬಯಸುತ್ತೇನೆ.

ಹಳೆಯ ಗಾಡಿ ಎಂದಾಗ ನನ್ನ ಮನಸ್ಸಿನಲ್ಲಿರುವುದು ಕಾರ್ಬುರೇಟರ್ ಇರುವ ಪೆಟ್ರೋಲ್ ಗಾಡಿ. ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಿಡರ್, ಮುಂಬಯಿಯ ಕುರ್ಲಾದಲ್ಲಿ ಹುಟ್ಟಿ ಚಿತ್ತೂರಿನ ರಾಣಿಯ ಹೆಸರು ಹೊತ್ತ ಪದ್ಮಿನಿ, 1983ರ ಡಿಸೆಂಬರಿನಲ್ಲಿ ಬೀದಿಗಿಳಿದ ಮಾರುತಿ 800ರ ಮೊದಲ ಮಾದರಿಗಳು, ಇವೆಲ್ಲ ಆ ಕುಲದವು. ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ಬೀದಿಯಿಂದ ನಿವೃತ್ತಿ ಹೊಂದಿದವು. ಆದರೆ ಬೀದರ, ಭಾಲ್ಕಿಯಂಥ ಊರುಗಳ ಹಳೆಯ ವಾಡೆಗಳ ಅಂಗಳದಲ್ಲಿ ತಾಡಪತ್ರಿ ಹೊದ್ದು ನಿಂತ ಗಾಡಿಗಳಿಗೆ ಇನ್ನೂ ಆಯುಷ್ಯವಿದೆ.

ಕಾರ್ಬುರೇಟರಿನ ಕೆಲಸವನ್ನು ಎರಡು ಮಾತಿನಲ್ಲಿ ಹೇಳಬಹುದು. ಎಂಜಿನ್ನು ಉಸಿರೆಳೆದಾಗ ಗಾಳಿ ಒಂದು ಇಕ್ಕಟ್ಟಾದ ಕೊರಳಿನ ಮೂಲಕ ಹಾಯುತ್ತದೆ. ಇಕ್ಕಟ್ಟಿನಲ್ಲಿ ಗಾಳಿಯ ವೇಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ. ಆ ಸೆಳೆತಕ್ಕೆ ಪೆಟ್ರೋಲು ಜೆಟ್ ಎಂಬ ಸಣ್ಣ ರಂಧ್ರದಿಂದ ಚಿಮ್ಮಿ ತುಂತುರಾಗುತ್ತದೆ. ತೂಕದಲ್ಲಿ ಸುಮಾರು 15 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲು ಬೆರೆತರೆ ಉರಿ ಸರಿಯಾಗಿ ಹತ್ತುತ್ತದೆ. ಪಕ್ಕದ ಪುಟ್ಟ ಬಟ್ಟಲಿನಲ್ಲಿ ಒಂದು ತೇಲುಗುಂಡು ಇದೆ. ಮನೆಯ ಮೇಲಿನ ನೀರಿನ ತೊಟ್ಟಿಯಲ್ಲಿ ತೇಲುವ ಚೆಂಡು ನಲ್ಲಿಯನ್ನು ಮುಚ್ಚಿ ತೆರೆಯುವಂತೆಯೇ ಈ ಗುಂಡು ಪೆಟ್ರೋಲಿನ ಮಟ್ಟವನ್ನು ಕಾಯುತ್ತದೆ. ಇಷ್ಟೇ ಅದರ ರಹಸ್ಯ. ಇದರಲ್ಲಿ ಗಣಕಯಂತ್ರವಿಲ್ಲ, ದೋಷವನ್ನು ತಾನಾಗಿ ಹೇಳುವ ದೀಪವೂ ಇಲ್ಲ. ದೋಷವನ್ನು ನಾವೇ ಕೇಳಿ ತಿಳಿಯಬೇಕು.

ಗಾಡಿ ನಿಂತಾಗ ಮೊದಲು ಕೇಳಬೇಕಾದ ಪ್ರಶ್ನೆ: ಹೇಗೆ ನಿಂತಿತು? ದೀಪ ಆರಿಸಿದಂತೆ ಒಮ್ಮೆಲೇ ನಿಂತಿದ್ದರೆ ಸಂಶಯ ಬೆಂಕಿಯ ಕಡೆಗೆ, ಅಂದರೆ ವಿದ್ಯುತ್ತಿನ ಕಡೆಗೆ ಹೋಗಬೇಕು. ಕೆಮ್ಮಿ, ಮುಗ್ಗರಿಸಿ, ಮೆಲ್ಲಗೆ ಪ್ರಾಣ ಬಿಟ್ಟಿದ್ದರೆ ಸಂಶಯ ಪೆಟ್ರೋಲಿನ ಕಡೆಗೆ. ಇದು ಕೊನೆಯ ತೀರ್ಪಲ್ಲ. ಹುಡುಕಾಟವನ್ನು ಎಲ್ಲಿಂದ ಆರಂಭಿಸಬೇಕೆಂಬುದಕ್ಕೆ ಮಾತ್ರ ಸೂಚನೆ.

ಬೆಂಕಿಯ ಪರೀಕ್ಷೆ ಸುಲಭ. ಒಂದು ಪ್ಲಗ್ಗನ್ನು ಬಿಚ್ಚಿ, ಅದರ ವೈರಿಗೆ ಮತ್ತೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈ ಎಂಜಿನ್ನಿಗೆ ತಾಗುವಂತೆ ಇಟ್ಟು ಸೆಲ್ಫ್ ಹೊಡೆಸಬೇಕು. ವೈರನ್ನು ಬರಿಗೈಯಿಂದ ಹಿಡಿಯಬಾರದು. ಹತ್ತಿರದಲ್ಲಿ ಪೆಟ್ರೋಲು ಚೆಲ್ಲಿರಬಾರದು. ನೀಲಿ ಬಣ್ಣದ ಗಟ್ಟಿ ಕಿಡಿ ಹಾರಿದರೆ ಆ ಕಡೆಯ ಚಿಂತೆ ಬಹುಮಟ್ಟಿಗೆ ತೀರಿತು. ಹಳದಿ ಬಣ್ಣದ ನಿಶ್ಶಕ್ತ ಕಿಡಿಯಾದರೆ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟ್ ಸುಟ್ಟಿರಬಹುದು, ಕಂಡೆನ್ಸರ್ ಕೆಟ್ಟಿರಬಹುದು, ಕಾಯಿಲ್ ದುರ್ಬಲವಾಗಿರಬಹುದು. ಕಾಯಿಲು ಮತ್ತು ಕಂಡೆನ್ಸರುಗಳಿಗೆ ಒಂದು ಕೆಟ್ಟ ಗುಣವಿದೆ. ತಣ್ಣಗಿರುವಾಗ ಸಾಧುಗಳಂತೆ ಕೆಲಸ ಮಾಡಿ, ಕಾದ ಮೇಲೆ ಕೈಕೊಡುತ್ತವೆ. ಅರ್ಧ ತಾಸು ಬಿಟ್ಟರೆ ಮತ್ತೆ ಸಾಧುಗಳಾಗುತ್ತವೆ. ಗ್ಯಾರೇಜಿಗೆ ಒಯ್ದಾಗ ದೋಷವೇ ಕಾಣದೆ ಹೋಗುವುದು ಈ ಕಾರಣದಿಂದ. ಆದುದರಿಂದ ಕಿಡಿಯನ್ನು ಗಾಡಿ ನಿಂತ ಗಳಿಗೆಯಲ್ಲಿಯೇ ನೋಡಬೇಕು.

ಪೆಟ್ರೋಲಿನ ಕಡೆಯ ಹುಡುಕಾಟಕ್ಕೆ ನಮ್ಮ ಬೀದರಿನವರಿಗೆ ಒಂದು ಒಳ್ಳೆಯ ಮಾದರಿ ಮನೆಯ ಬಳಿಯೇ ಇದೆ. ನೌಬಾದಿನ ಕರೇಜನ್ನು ತಾವು ನೋಡಿರಬಹುದು. ಬಹಮನಿ ಸುಲ್ತಾನರ ಕಾಲದ ಆ ನೆಲದೊಳಗಿನ ಕಾಲುವೆಗೆ ಅಲ್ಲಲ್ಲಿ ಬಾವಿಯಂತಹ ಕಿಂಡಿಗಳಿವೆ. ನೀರು ಎಲ್ಲಿಯೋ ತಡೆದರೆ ಕಿಂಡಿಯಿಂದ ಕಿಂಡಿಗೆ ಇಳಿದು ನೋಡುತ್ತ ಹೋಗಬೇಕು. ನೀರಿರುವ ಕಿಂಡಿಗೂ ನೀರಿಲ್ಲದ ಕಿಂಡಿಗೂ ನಡುವೆ ಅಡ್ಡಿ ಇದೆ. ಪೆಟ್ರೋಲಿನ ದಾರಿಯೂ ಹೀಗೆಯೇ: ಟ್ಯಾಂಕು, ಪೈಪು, ಫಿಲ್ಟರು, ಪಂಪು, ಕಾರ್ಬುರೇಟರಿನ ಬಟ್ಟಲು, ಜೆಟ್ಟು. ಟ್ಯಾಂಕಿನ ಮುಚ್ಚಳ ತೆಗೆದಾಗ ಗಾಳಿಯನ್ನು ಒಳಗೆ ಎಳೆದುಕೊಳ್ಳುವ ‘ಸುಯ್’ ಸದ್ದು ಬಂದರೆ ಗಾಳಿಯಾಡುವ ರಂಧ್ರ ಮುಚ್ಚಿಹೋಗಿದೆ ಎಂದು ಅರ್ಥ. ಒಳಗೆ ನಿರ್ವಾತವುಂಟಾಗಿ ಪೆಟ್ರೋಲು ಹರಿಯದೆ ನಿಂತಿರುತ್ತದೆ. ಒಂದು ಸೂಜಿಯಿಂದ ತೀರುವ ರೋಗವಿದು. ಫಿಲ್ಟರಿನ ಮುಂದೆ ಪೆಟ್ರೋಲಿದ್ದು ಹಿಂದೆ ಇಲ್ಲದಿದ್ದರೆ ಫಿಲ್ಟರು ಕಟ್ಟಿದೆ. ಪಂಪಿನವರೆಗೆ ಬಂದು ಮುಂದೆ ಹೋಗದಿದ್ದರೆ ಪಂಪಿನೊಳಗಿನ ರಬ್ಬರಿನ ಪೊರೆ ಹರಿದಿದೆ. ಓಡುವಾಗ ಚೆನ್ನಾಗಿದ್ದು, ಸಿಗ್ನಲ್ಲಿನಲ್ಲಿ ಕಾಲು ತೆಗೆದ ಕೂಡಲೇ ನಿಲ್ಲುವ ಗಾಡಿಯಲ್ಲಿ ನಿಧಾನಗತಿಯ ಸಣ್ಣ ಜೆಟ್ಟಿಗೆ ಕಸ ಸಿಕ್ಕಿರುವುದೋ, ಕಾರ್ಬುರೇಟರಿನ ಬುಡದ ಗ್ಯಾಸ್ಕೆಟ್ಟಿನಲ್ಲಿ ಗಾಳಿ ಸೋರುವುದೋ ಕಾರಣವಾಗಿರುತ್ತದೆ. ಈ ಕೆಲಸ ಮಾಡುವಾಗ ಎಂಜಿನ್ನು ತಣಿದಿರಬೇಕು, ಹತ್ತಿರ ಬೀಡಿ ಸೇದುವವರು ಇರಬಾರದು.

ಇನ್ನು ಕಾಯುವ ವಿಚಾರ. ಸುಟ್ಟ ಪೆಟ್ರೋಲಿನ ಶಾಖದಲ್ಲಿ ಚಕ್ರವನ್ನು ತಿರುಗಿಸಲು ದಕ್ಕುವುದು ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಉಳಿದದ್ದು ಹೊಗೆಯೊಡನೆಯೂ ನೀರಿನೊಡನೆಯೂ ಹೊರಗೆ ಹೋಗಬೇಕು. ನೀರಿನ ಪಾಲನ್ನು ಹೊರಹಾಕುವುದು ರೇಡಿಯೇಟರಿನ ಕೆಲಸ. ಬೀದರ ನಗರ ಸಮುದ್ರಮಟ್ಟದಿಂದ 2,000 ಅಡಿಗೂ ಮೇಲಿದೆ. ಇಲ್ಲಿ ನೀರು 100 ಡಿಗ್ರಿಗೆ ಮೊದಲೇ, ಸುಮಾರು 98 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಟ್ಟು ಈ ಕುದಿಬಿಂದುವನ್ನು ಮೇಲಕ್ಕೆ ಒಯ್ಯುತ್ತದೆ. ಚದರ ಅಂಗುಲಕ್ಕೆ ಒಂದು ಪೌಂಡ್ ಒತ್ತಡ ಹೆಚ್ಚಿದರೆ ಸುಮಾರು ಒಂದೂವರೆ ಡಿಗ್ರಿ. ಮುಚ್ಚಳದ ರಬ್ಬರು ಸವೆದರೆ ಈ ಲಾಭವೆಲ್ಲ ಹೋಯಿತು. ಆಗ ಬೇರೆ ಯಾವ ದೋಷವೂ ಇಲ್ಲದ ಎಂಜಿನ್ನೂ ಉಕ್ಕುತ್ತದೆ.

ಇಲ್ಲಿಯೂ ಒಂದು ಪ್ರಶ್ನೆ ದಾರಿ ತೋರಿಸುತ್ತದೆ: ಎಲ್ಲಿ ಕಾಯಿತು? ಚೌಬಾರಾದ ಜನಸಂದಣಿಯಲ್ಲಿ ನಿಂತಾಗ ಕಾದು, ಬಯಲಿನ ರಸ್ತೆಯಲ್ಲಿ ಓಡುವಾಗ ತಣಿದರೆ, ಫ್ಯಾನಿನ ಗಾಳಿ ಸಾಲದು. ಫ್ಯಾನ್ ಬೆಲ್ಟು ಸಡಿಲಾಗಿದೆ. ಬೆರಳಿನಿಂದ ಒತ್ತಿದಾಗ ಬೆಲ್ಟು ಅರ್ಧ ಅಂಗುಲದಷ್ಟು ಬಾಗಬೇಕು, ಹೆಚ್ಚಲ್ಲ. ವೇಗವಾಗಿ ಓಡುವಾಗಲೇ ಕಾದರೆ ರೇಡಿಯೇಟರು ಹೊರಗೋ ಒಳಗೋ ಕಟ್ಟಿದೆ. ನಮ್ಮ ಹಳ್ಳಿಗಳಲ್ಲಿ ರಸ್ತೆಯ ಮೇಲೆಯೇ ತೊಗರಿ, ಸೋಯಾ, ಜೋಳಗಳ ರಾಶಿ ಮಾಡುವ ಕಾಲದಲ್ಲಿ ಹೊಟ್ಟು ಹಾರಿಬಂದು ಜಾಳಿಗೆಯನ್ನು ತುಂಬುತ್ತದೆ. ಅದನ್ನು ಹಿಂದಿನಿಂದ ಮುಂದಕ್ಕೆ ನೀರು ಹಾಯಿಸಿ ತೊಳೆಯಬೇಕು. ಒಳಗಿನ ಅಡ್ಡಿ ಇನ್ನೂ ಮೊಂಡು. ಭಾಲ್ಕಿ, ಔರಾದಗಳ ಕರಿಮಣ್ಣಿನ ಸೀಮೆಯಲ್ಲಿ ಕೊಳವೆಬಾವಿಯ ಗಡಸು ನೀರು ಚಹಾದ ಪಾತ್ರೆಯ ತಳದಲ್ಲಿ ಬಿಳಿಯ ಪೊರೆ ಕಟ್ಟುವುದನ್ನು ಗೃಹಿಣಿಯರೆಲ್ಲ ಬಲ್ಲರು. ಅದೇ ನೀರನ್ನು ವರ್ಷಗಟ್ಟಲೆ ರೇಡಿಯೇಟರಿಗೆ ಹೊಯ್ದರೆ ಅದೇ ಪೊರೆ ಅದರ ತೆಳುವಾದ ನಾಳಗಳಲ್ಲಿ ಕಟ್ಟುತ್ತದೆ. ಕೂಲಂಟು ದುಬಾರಿ ಎನ್ನುವವರು ಶುಚಿಯಾಗಿ ಹಿಡಿದ ಮಳೆಯ ನೀರನ್ನಾದರೂ ಬಳಸಬಹುದು. ಆದರೆ ತುಕ್ಕು ತಡೆಯುವ ಗುಣ ಕೂಲಂಟಿಗೆ ಮಾತ್ರ ಇದೆ. ಏರು ಹತ್ತುವಾಗ ಮಾತ್ರ ಕಾದರೆ ಕಿಡಿ ಹಾರುವ ಸಮಯ ಹಿಂದೆ ಬಿದ್ದಿದೆಯೇ ಎಂದು ನೋಡಿಸಬೇಕು. ತಡವಾಗಿ ಹೊತ್ತಿದ ಉರಿ ಕೆಲಸಕ್ಕೆ ಒದಗದೆ ಎಂಜಿನ್ನಿನ ಮೈಯನ್ನು ಸುಡುತ್ತದೆ.

ಥರ್ಮೋಸ್ಟಾಟನ್ನು ಕಿತ್ತೆಸೆಯುವುದು ನಮ್ಮ ಕಡೆಯ ಹಳೆಯ ವಾಡಿಕೆ. ಅದನ್ನು ನಾನು ಒಪ್ಪಲಾರೆ. ಸದಾ ಅರೆತಣ್ಣಗಿರುವ ಎಂಜಿನ್ನು ಬೇಗ ಸವೆಯುತ್ತದೆ, ಪೆಟ್ರೋಲನ್ನೂ ಹೆಚ್ಚು ಕುಡಿಯುತ್ತದೆ. ಕೆಟ್ಟಿದೆಯೋ ಇಲ್ಲವೋ ತಿಳಿಯಲು ಅದನ್ನು ಒಂದು ಪಾತ್ರೆಯ ನೀರಿನಲ್ಲಿ ತೂಗುಹಾಕಿ ಒಲೆಯ ಮೇಲಿಟ್ಟರೆ ಸಾಕು. ನೀರು ಕುದಿಯುವ ಮೊದಲೇ ಬಾಯಿ ತೆರೆದರೆ ಅದು ನಿರ್ದೋಷಿ. ರೇಡಿಯೇಟರಿನ ನೀರಿನಲ್ಲಿ ಎಡೆಬಿಡದೆ ಗುಳ್ಳೆಗಳು ಏಳುವುದು, ಎಂಜಿನ್ನು ಕಾದ ಮೇಲೂ ಬಿಳಿಯ ಹೊಗೆ ಬರುವುದು, ಆಯಿಲು ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗುವುದು, ಇವು ಹೆಡ್ ಗ್ಯಾಸ್ಕೆಟ್ಟು ಹೋಗಿರುವುದರ ಲಕ್ಷಣಗಳು. ಆಗ ಗಾಡಿಯನ್ನು ಒಂದು ಫರ್ಲಾಂಗೂ ಓಡಿಸಬಾರದು.

ಈ ಎರಡು ದೂರುಗಳು ಒಂದಕ್ಕೊಂದು ಹೆಣೆದುಕೊಳ್ಳುವುದೂ ಉಂಟು. ಕೆಲವು ವರ್ಷಗಳ ಹಿಂದೆ ಮೇ ತಿಂಗಳ ಮಧ್ಯಾಹ್ನ ಔರಾದದಿಂದ ಬೀದರಿಗೆ ಮರಳುವಾಗ, ಮಾಂಜ್ರಾ ದಾಟಿ ಬೀದರಿನ ಪ್ರಸ್ಥಭೂಮಿಗೆ ಏರುವಲ್ಲಿ ನಮ್ಮ ಪದ್ಮಿನಿ ಕೆಮ್ಮಿ ನಿಂತಿತು. ಅದೇ ದಾರಿಯಲ್ಲಿ ಬರುತ್ತಿದ್ದ ವಯಸ್ಸಾದ ಮಿಸ್ತ್ರಿಯೊಬ್ಬರು ಬಾನೆಟ್ಟು ಎತ್ತಿ, ಪಂಪಿನ ಮೇಲೆ ಕೈ ಆಡಿಸಿ, “ಸರ್, ನೀರಿಂದು ಏನೂ ತಪ್ಪಿಲ್ರಿ. ಪೆಟ್ರೋಲಿಗಿ ಬಿಸಲ ಹತ್ಯಾದ. ಅರ್ಧ ತಾಸು ನೆಳ್ಳಾಗ ಕೂಡ್ರಿ” ಎಂದರು. ಒದ್ದೆ ಬಟ್ಟೆಯೊಂದನ್ನು ಪಂಪಿಗೂ ಪೈಪಿಗೂ ಸುತ್ತಿದರು. ಅರ್ಧ ತಾಸಿಗೆ ಗಾಡಿ ಹೊರಟಿತು. ಪುಸ್ತಕದ ಭಾಷೆಯಲ್ಲಿ ಹೇಳುವುದಾದರೆ, ಕಾದ ಪೈಪಿನೊಳಗೆ ಪೆಟ್ರೋಲು ಆವಿಯಾಗಿತ್ತು. ದ್ರವವನ್ನು ನೂಕಬೇಕಾದ ಪಂಪು ಆವಿಯನ್ನು ಹಿಂಡುತ್ತ ಕುಳಿತಿತ್ತು. ‘ಪೆಟ್ರೋಲಿಗೆ ಬಿಸಿಲು ಹತ್ತಿದೆ’ ಎಂಬ ಮಾತು ಅದಕ್ಕಿಂತ ಕಡಿಮೆ ನಿಖರವಾದುದಲ್ಲ.

ಈ ತೊಂದರೆ ಈಚೆಗೆ ಹೆಚ್ಚಲು ಒಂದು ಕಾರಣವಿದೆ. 2025ರ ಹೊತ್ತಿಗೆ ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಸೇರಿತು. ಕಬ್ಬು ಬೆಳೆಯುವ ನಮ್ಮ ಜಿಲ್ಲೆಗೆ ಅದು ಆಪ್ತವಾದ ವಸ್ತುವೇ. ರೈತನಿಗೆ ಅದರಿಂದ ನೆರವಾಗುವುದನ್ನು ಅಲ್ಲಗಳೆಯಲಾಗದು. ಆದರೆ ಹಳೆಯ ಕಾರ್ಬುರೇಟರು ಬರಿಯ ಪೆಟ್ರೋಲಿಗೆಂದು ಅಳತೆಯಾದದ್ದು. ಎಥನಾಲಿನಲ್ಲಿಯೇ ಆಮ್ಲಜನಕ ಇರುವುದರಿಂದ ಅದೇ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ. ತೆಳು ಮಿಶ್ರಣದಿಂದ ಎಂಜಿನ್ನು ಮುಗ್ಗರಿಸುತ್ತದೆ, ಕಾಯಲೂಬಹುದು. ಹಳೆಯ ರಬ್ಬರಿನ ಪೈಪು, ಪಂಪಿನ ಪೊರೆಗಳನ್ನು ಅದು ಕ್ರಮೇಣ ಕೆಡಿಸುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರನ್ನು ಹೀರಿ ತಳಕ್ಕೆ ಇಳಿಯುತ್ತದೆ. ಪರಿಹಾರ ಕಷ್ಟವಲ್ಲ. ಎಥನಾಲನ್ನು ತಾಳುವ ಪೈಪು, ಪೊರೆಗಳನ್ನು ಹಾಕಿಸುವುದು, ಬಲ್ಲವರಿಂದ ಜೆಟ್ಟನ್ನು ತುಸು ದೊಡ್ಡದು ಮಾಡಿಸುವುದು, ಪೈಪನ್ನು ಬಿಸಿ ಭಾಗಗಳಿಂದ ದೂರ ಸರಿಸುವುದು, ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲು ಉಳಿಯಗೊಡದಿರುವುದು.

ಪ್ರಾಣಕ್ಕೆ ಸಂಬಂಧಿಸಿದ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಕುದಿಯುವ ರೇಡಿಯೇಟರಿನ ಮುಚ್ಚಳವನ್ನು ಯಾವ ಅವಸರದಲ್ಲಿಯೂ ತೆರೆಯಬೇಡಿ. ಒತ್ತಡದಲ್ಲಿದ್ದ ನೀರು ಒಮ್ಮೆಲೇ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ; ಕಣ್ಣೇ ಹೋದೀತು. ಅರ್ಧ ತಾಸಿಗೂ ಹೆಚ್ಚು ಕಾದು, ಮುಚ್ಚಳ ಕೈಗೆ ತಣ್ಣಗಾದ ಮೇಲೆ ದಪ್ಪ ಬಟ್ಟೆ ಹಾಕಿ ಮೆಲ್ಲಗೆ ತಿರುಗಿಸಬೇಕು. ಎರಡನೆಯದು, ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬಾರದು. ಲೋಹ ಬಿರುಕು ಬಿಡುತ್ತದೆ. ಎಂಜಿನ್ನು ತಣಿದ ಬಳಿಕ ಚಾಲೂ ಮಾಡಿ, ನೀರನ್ನು ಸ್ವಲ್ಪ ಸ್ವಲ್ಪವಾಗಿ ತುಂಬಬೇಕು.

15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಹಳೆಯ ಗಾಡಿಯನ್ನು ಉಳಿಸಿಕೊಳ್ಳುವುದು ದಿನದಿನಕ್ಕೆ ದುಬಾರಿಯಾಗುತ್ತಿರುವಾಗ, ಗೊತ್ತಿಲ್ಲದ ದೋಷಕ್ಕೆ ಐದು ಭಾಗಗಳನ್ನು ಒಟ್ಟಿಗೆ ಬದಲಿಸಿ ಹಣ ಕಳೆಯುವುದು ಜಾಣತನವಲ್ಲ. ಒಮ್ಮೆಗೆ ಒಂದನ್ನೇ ಬದಲಿಸಿ, ಓಡಿಸಿ ನೋಡಿ, ಆಮೇಲೆ ಮುಂದಿನದಕ್ಕೆ ಹೋಗಬೇಕು. ಐದನ್ನು ಒಟ್ಟಿಗೆ ಬದಲಿಸಿದರೆ ಗಾಡಿ ಓಡೀತು. ಕೆಟ್ಟದ್ದು ಯಾವುದೆಂಬುದು ಮಾತ್ರ ಎಂದಿಗೂ ತಿಳಿಯದು. ಕೈಯಿಂದ ಮುಟ್ಟಿ ದೋಷ ಹೇಳಬಲ್ಲ ಹಿರಿಯ ಮಿಸ್ತ್ರಿಗಳು ನಮ್ಮ ಊರುಗಳಲ್ಲಿ ವಿರಳರಾಗುತ್ತಿದ್ದಾರೆ. ಅವರು ಗಾಡಿ ನೋಡುವಾಗ ದೂರ ಕುರ್ಚಿ ಹಾಕಿಕೊಂಡು ಕೂಡದೆ, ಪಕ್ಕದಲ್ಲಿ ನಿಂತು, ಏಕೆ ಎಂದು ಕೇಳಿ. ತಿಳಿದದ್ದನ್ನು ತಾರೀಖಿನೊಡನೆ ಒಂದು ಪುಸ್ತಕದಲ್ಲಿ ಬರೆದು ಗಾಡಿಯಲ್ಲಿಯೇ ಇಟ್ಟಿರಿ. ಮುಂದಿನ ಸಲ ಗಾಡಿ ನಿಂತಾಗ ಟಾರ್ಚಿನ ಬೆಳಕಿನಲ್ಲಿ ಮೊದಲು ತೆರೆಯಬೇಕಾದದ್ದು ಆ ಪುಸ್ತಕವನ್ನು, ಬಾನೆಟ್ಟನ್ನು ಆಮೇಲೆ.