ಬೀಗವೂ ಬೇಕು, ಬಾಗಿಲೂ ಬೇಕು

(ನಾಗಪುರದ ಕನ್ನಡ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘದ ಮುಂದಿನ ಸ್ಮರಣ ಸಂಚಿಕೆಯನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಸಂಚಿಕೆಯ ಸಾಹಿತ್ಯದ ಬಗ್ಗೆ ಮಾತನಾಡಲು ನನಗಿಂತ ಅರ್ಹರಾದವರು ಈ ಸಭೆಯಲ್ಲಿಯೇ ಇದ್ದಾರೆ. ನಾನು ಮೂರು ದಶಕಗಳ ಕಾಲ ಕೇಂದ್ರ ಸರ್ಕಾರದ ಕಡತಗಳ ನಡುವೆ ಬಾಳಿದವನು. ಆದ್ದರಿಂದ ಕಡತವನ್ನು ಕುರಿತೇ ಮಾತನಾಡುತ್ತೇನೆ. ಸಂಚಿಕೆಯ ಮುಖಪುಟ, ಪುಟವಿನ್ಯಾಸ, ಚಿತ್ರಗಳು ಇಂದು ಅಂತರಜಾಲದಲ್ಲಿರುವ ಒಂದು ಕಡತದಲ್ಲಿ ಸೇರಿಕೊಂಡಿರುತ್ತವೆ. ಅದನ್ನು ಯಾರು ನೋಡಬೇಕು, ಯಾರು ತಿದ್ದಬೇಕು, ಅದರ ಒಡೆತನ ಯಾರಲ್ಲಿರಬೇಕು ಎಂಬ ಪ್ರಶ್ನೆ ತಂತ್ರಜ್ಞರಿಗೆ ಬಿಟ್ಟುಬಿಡತಕ್ಕದ್ದೆಂದು ನಾನೂ ಬಹುಕಾಲ ಭಾವಿಸಿದ್ದೆ. ಹಾಗೆ ಭಾವಿಸಿದ್ದಕ್ಕೆ ತೆತ್ತ ಬೆಲೆಯನ್ನು ತಮ್ಮ ಮುಂದೆ ಹೇಳಿಕೊಳ್ಳಬೇಕಾಗಿದೆ.

ಬೆಂಗಳೂರಿನಲ್ಲಿಯೋ ಧಾರವಾಡದಲ್ಲಿಯೋ ಇರುವವರಿಗೆ ನಮ್ಮ ತೊಡಕು ಸುಲಭವಾಗಿ ಅರ್ಥವಾಗಲಾರದು. ಅಲ್ಲಿ ಅಚ್ಚುಕೂಟದ ಹುಡುಗನಿಗೂ ಕನ್ನಡ ಬರುತ್ತದೆ. ಇಲ್ಲಿ ಸೀತಾಬರ್ಡಿಯ ಮುದ್ರಕರು ಎಷ್ಟೇ ನಿಪುಣರಾಗಿರಲಿ, ಅವರ ಕಣ್ಣಿಗೆ ಪರಿಚಿತವಾದದ್ದು ದೇವನಾಗರಿ. ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲಿಯೇ ನಿಂತರೆ, ದೀರ್ಘ ಹಾರಿಹೋದರೆ, ಅವರಿಗೆ ಅದು ತಪ್ಪೆಂದು ತೋರುವುದಿಲ್ಲ. ಆದಕಾರಣ ಹೊರನಾಡಿನ ಸಂಚಿಕೆಯೊಂದು ಊರೂರು ಸುತ್ತಿಯೇ ಸಿದ್ಧವಾಗಬೇಕು. ಲೇಖನ ಇಲ್ಲಿಯದು, ಅಕ್ಷರಜೋಡಣೆ ಹುಬ್ಬಳ್ಳಿಯದು, ಮುಖಪುಟ ಪುಣೆಯಲ್ಲಿರುವ ಗೆಳೆಯರ ಮಗಳದು. ಕಡತವನ್ನು ಹಂಚಿಕೊಳ್ಳದೆ ನಮಗೆ ಗತಿಯಿಲ್ಲ.

ನಮ್ಮ ಮೊದಲ ತಪ್ಪು, ಅತಿಯಾಗಿ ಬಿಗಿಹಿಡಿದದ್ದು. ಹಿಂದೊಮ್ಮೆ ಸಂಚಿಕೆಯ ಸಮಸ್ತ ಕೆಲಸವನ್ನೂ ಒಬ್ಬ ಸದಸ್ಯರೇ ಶ್ರದ್ಧೆಯಿಂದ ಮಾಡಿದರು. ಕಡತವೆಲ್ಲ ಅವರ ಗಣಕದಲ್ಲಿತ್ತು. ಅವರಿಗೆ ವರ್ಗವಾಯಿತು; ನಮ್ಮ ಪೈಕಿ ಯಾರಿಗೆ ತಾನೆ ವರ್ಗವಾಗುವುದಿಲ್ಲ? ಕೆಲವು ವರ್ಷಗಳ ಮೇಲೆ ಹಳೆಯ ಛಾಯಾಚಿತ್ರಗಳು ಬೇಕೆಂದಾಗ ಅವರು ಸಂತೋಷದಿಂದಲೇ ಕಳುಹಿಸಿಕೊಟ್ಟರು. ಆದರೆ ಅದು ಯಾರೂ ಬಳಸದ ಹಳೆಯ ತಂತ್ರಾಂಶದಲ್ಲಿತ್ತು. ಅಕ್ಷರಶೈಲಿ ಯಾವುದೋ ಖಾಸಗಿ ಸಂಕೇತದ್ದು. ತೆರೆದರೆ ಕಂಡದ್ದು ರೋಮನ್ ಚಿಹ್ನೆಗಳ ಕಸದ ರಾಶಿ. ಕೈಯಲ್ಲಿ ಪುಸ್ತಕವಿದೆ, ಕಡತವೂ ಇದೆ; ಅದರೊಳಗಿನ ಕನ್ನಡ ಮಾತ್ರ ಇಲ್ಲ.

ಎರಡನೆಯ ತಪ್ಪು ಇದಕ್ಕೆ ವಿರುದ್ಧವಾದದ್ದು, ಮತ್ತು ಅದು ನನ್ನದೇ. ಹಳೆಯ ಅನುಭವದಿಂದ ಪಾಠ ಕಲಿತೆನೆಂಬ ಭ್ರಮೆಯಲ್ಲಿ, ಮುಂದಿನ ಸಂಚಿಕೆಯ ಕಡತವನ್ನು 'ಕೊಂಡಿ ಇದ್ದವರೆಲ್ಲರೂ ತಿದ್ದಬಹುದು' ಎಂಬ ವ್ಯವಸ್ಥೆಯಲ್ಲಿಟ್ಟು, ಆ ಕೊಂಡಿಯನ್ನು ಸಂಘದ ವಾಟ್ಸ್‌ಆ್ಯಪ್ ಬಳಗಕ್ಕೆ ಹಾಕಿಬಿಟ್ಟೆ. ಯಾರೂ ದುರುದ್ದೇಶದಿಂದ ಏನನ್ನೂ ಮಾಡಲಿಲ್ಲ. ಒಬ್ಬರು ಕಾಗುಣಿತ ತಿದ್ದಿದರು. ಇನ್ನೊಬ್ಬರು ಸ್ಥಳ ಸಾಲದೆಂದು ಒಂದು ಪಟ್ಟಿಯನ್ನು ಕಿರಿದಾಗಿಸಿದರು. ಮತ್ತಾರೋ ಮೊಬೈಲಿನಲ್ಲಿ ತೆರೆದು ನೋಡುವಾಗ ಬೆರಳು ತಗುಲಿ ಒಂದು ಸಾಲು ಅಳಿಸಿಹೋಯಿತು. ಅಚ್ಚಾಗಿ ಬಂದ ಮೇಲೆ ನೋಡಿದರೆ, ಮಹಿಳಾ ವಿಭಾಗವನ್ನು ಕಟ್ಟಿದವರ ಪಟ್ಟಿಯಲ್ಲಿ ಮೊದಲನೆಯವರಾದ ತಾಯಿಯೊಬ್ಬರ ಹೆಸರೇ ಇರಲಿಲ್ಲ. ಎಂಬತ್ತು ದಾಟಿದ ಅವರು ಸಂಚಿಕೆಯನ್ನು ಕೈಗೆತ್ತಿಕೊಂಡು ಆ ಪುಟವನ್ನು ಎರಡು ಸಲ ಓದಿದರು. ಮುಚ್ಚಿ ಮಡಿಲಲ್ಲಿಟ್ಟುಕೊಂಡು, "ಮುಖಪುಟ ಚೆನ್ನಾಗಿ ಬಂದಿದೆ" ಎಂದರು. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಕಚೇರಿಯಲ್ಲಿ ನಾನು ಇಂಥ ತಪ್ಪನ್ನು ಮಾಡುತ್ತಿರಲಿಲ್ಲ ಎಂಬುದೇ ವಿಪರ್ಯಾಸ. ಸರ್ಕಾರಿ ಕಡತದ ಟಿಪ್ಪಣಿ ಹಾಳೆಯನ್ನು ನಾವು ಹಳಿಯುವುದುಂಟು. ಆದರೆ ಅದರಲ್ಲೊಂದು ವಿವೇಕವಿದೆ. ಸಹಾಯಕನು ಟಿಪ್ಪಣಿ ಬರೆಯುತ್ತಾನೆ, ಮೇಲಿನವನು ಅಭಿಪ್ರಾಯ ಸೇರಿಸುತ್ತಾನೆ, ಸಕ್ಷಮ ಅಧಿಕಾರಿ ಮಾತ್ರ ಆದೇಶ ಮಾಡುತ್ತಾನೆ. ಬರೆದುದನ್ನು ಯಾರೂ ಅಳಿಸುವಂತಿಲ್ಲ. ಹೊಡೆದುಹಾಕಿ ಪಕ್ಕದಲ್ಲಿ ಕಿರುಸಹಿ ಮಾಡಬೇಕು. ಹಾಗೆಂದು ಎಲ್ಲವನ್ನೂ ಮುಚ್ಚಿಡುವುದೂ ಸಲ್ಲದು. 1923ರ ಅಧಿಕೃತ ರಹಸ್ಯಗಳ ಕಾಯಿದೆಯ ನೆರಳಿನಲ್ಲಿ ಬೆಳೆದ ಆಡಳಿತಕ್ಕೆ 2005ರ ಮಾಹಿತಿ ಹಕ್ಕು ಕಾಯಿದೆ ಬಾಗಿಲು ತೆರೆಯುವುದನ್ನು ಕಲಿಸಿತು. ನೋಡುವ ಹಕ್ಕನ್ನು ಪ್ರಜೆಗೆ ಕೊಟ್ಟ ಆ ಕಾಯಿದೆ, ಕಡತವನ್ನು ತಿದ್ದುವ ಹಕ್ಕನ್ನೇನೂ ಕೊಡಲಿಲ್ಲ. ಇವೆರಡೂ ಬೇರೆ ಬೇರೆ ಎಂಬುದೇ ನನ್ನ ಇಂದಿನ ಮಾತಿನ ತಿರುಳು.

ನಮ್ಮ ಪರಂಪರೆಗೂ ಇದು ಹೊಸತಲ್ಲ. ವಚನಗಳನ್ನು ಯಾರು ಬೇಕಾದರೂ ಹಾಡಬಹುದಿತ್ತು, ಓಲೆಯ ಮೇಲೆ ಪ್ರತಿ ಮಾಡಿಕೊಳ್ಳಬಹುದಿತ್ತು. ಅವುಗಳನ್ನು ಹೊಸದಾಗಿ ಜೋಡಿಸಲೂ ಬಹುದಿತ್ತು: ಶೂನ್ಯಸಂಪಾದನೆ ಶಿವಗಣಪ್ರಸಾದಿ ಮಹಾದೇವಯ್ಯನಿಂದ ಗೂಳೂರು ಸಿದ್ಧವೀರಣ್ಣೊಡೆಯರವರೆಗೆ ನಾಲ್ಕು ಸಲ ಸಂಕಲನಗೊಂಡಿತು. ಆದರೆ ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತಗಳು ಮಾತು ಯಾರದೆಂಬುದನ್ನು ಕಾಯ್ದುಕೊಂಡು ಬಂದವು. ಬಸವಣ್ಣನವರ ವಚನಗಳ ಅಂಕಿತವನ್ನು ಬದಲಿಸಿ ಪ್ರಕಟಿಸಿದ ಪುಸ್ತಕವೊಂದನ್ನು ಕರ್ನಾಟಕ ಸರ್ಕಾರ 1998ರಲ್ಲಿ ನಿಷೇಧಿಸಿತು. ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಆ ಕ್ರಮವನ್ನು ಎತ್ತಿಹಿಡಿಯಿತು. ನಿಷೇಧ ಸರಿಯೇ ಎಂಬ ಚರ್ಚೆ ಬೇರೆ. ಹಂಚಿಕೊಂಡ ಪಠ್ಯದಲ್ಲಿಯೂ ಯಾರೂ ಮುಟ್ಟಬಾರದ ಒಂದು ಜಾಗವಿದೆ ಎಂದು ಜನ ಎಷ್ಟು ಗಾಢವಾಗಿ ಭಾವಿಸುತ್ತಾರೆಂಬುದಕ್ಕೆ ಅದು ಸಾಕ್ಷಿ.

ಇದೇ ವಿವೇಕವನ್ನು ಇಂದು ಕನ್ನಡದ ಅಕ್ಷರವಿನ್ಯಾಸಕರಲ್ಲಿ ಕಾಣುತ್ತೇವೆ. ಗಣಕಕ್ಕೆ ಕನ್ನಡ ಬಂದ ಮೊದಲ ದಿನಗಳಲ್ಲಿ ಒಂದೊಂದು ತಂತ್ರಾಂಶಕ್ಕೆ ಒಂದೊಂದು ಸಂಕೇತವ್ಯವಸ್ಥೆ. ಲಿಪಿ ನಮ್ಮದು, ಕೀಲಿಕೈ ಮಾರಾಟಗಾರನದು. ಆ ಕಾಲದಲ್ಲಿಯೇ ಕೆ. ಪಿ. ರಾವ್ ಅವರು ಕೀಲಿಮಣೆಯ ವಿನ್ಯಾಸವನ್ನು ರೂಪಿಸಿ ನಾಡಿಗೆ ಉಚಿತವಾಗಿ ಕೊಟ್ಟರು. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂದಿತು. ಬಳಿಕ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದಿತು. ಯೂನಿಕೋಡ್ ಬಳಕೆಗೆ ಬಂದ ಮೇಲೆ ಸಂಕೇತಗಳ ಗೊಂದಲ ಬಹುಮಟ್ಟಿಗೆ ತಗ್ಗಿತು. ಈಗ ಮುಂಬಯಿಯ ಏಕ್ ಟೈಪ್ ತಂಡದ 'ಬಲೂ ತಮ್ಮ', ವೈಷ್ಣವಿ ಮೂರ್ತಿ ಮತ್ತು ಹ್ವಾನ್ ಲೂಯಿಸ್ ಬ್ಲಾಂಕೊ ಜೊತೆಗೂಡಿ ರಚಿಸಿದ 'ಅಕಾಯ ಕನಡಕ' ಮುಂತಾದ ಅಕ್ಷರಶೈಲಿಗಳು ಮುಕ್ತ ಪರವಾನಗಿಯಲ್ಲಿ ದೊರೆಯುತ್ತವೆ. ಅವುಗಳ ಮೂಲ ವಿನ್ಯಾಸದ ಕಡತಗಳೂ ಗಿಟ್‌ಹಬ್ ಎಂಬ ಸಾರ್ವಜನಿಕ ಭಂಡಾರದಲ್ಲಿವೆ. ಯಾರು ಬೇಕಾದರೂ ನೋಡಬಹುದು, ಪ್ರತಿ ತೆಗೆದು ತಮ್ಮ ಪ್ರತಿಯನ್ನು ತಿದ್ದಿಕೊಳ್ಳಬಹುದು, ತಿದ್ದುಪಡಿಯನ್ನು ಸೂಚಿಸಲೂಬಹುದು. ಆದರೆ ಮೂಲಕ್ಕೆ ಅದನ್ನು ಸೇರಿಸುವ ಅಧಿಕಾರ ಅನುಮತಿ ಪಡೆದ ಕೆಲವರಿಗೆ ಮಾತ್ರ.

ಆ ಪರವಾನಗಿಯ ಹೆಸರು ಓಪನ್ ಫಾಂಟ್ ಲೈಸೆನ್ಸ್. 2007ರಲ್ಲಿ ಪ್ರಕಟವಾದ 1.1ನೆಯ ಆವೃತ್ತಿ ಈಗ ಬಳಕೆಯಲ್ಲಿದೆ. ಅಕ್ಷರಶೈಲಿಯನ್ನು ಬಳಸಲು, ಬದಲಿಸಲು, ಹಂಚಲು ಅದು ಅನುಮತಿ ಕೊಡುತ್ತದೆ; ಅದೊಂದನ್ನೇ ಸರಕಾಗಿ ಮಾರಕೂಡದೆನ್ನುತ್ತದೆ. ಕರ್ತೃವು ಒಂದು ಹೆಸರನ್ನು ಕಾಯ್ದಿರಿಸಿಕೊಂಡಿದ್ದರೆ, ಬದಲಿಸಿದವನು ಅನುಮತಿಯಿಲ್ಲದೆ ತನ್ನ ಆವೃತ್ತಿಗೆ ಆ ಹೆಸರನ್ನು ಇಡುವಂತಿಲ್ಲ. ಓದುವಾಗ ನನಗೆ ಅಂಕಿತದ ನೆನಪಾಯಿತು.

ಇಲ್ಲಿ ಒಂದು ರಾಜಕೀಯ ಪ್ರಶ್ನೆಯೂ ಇದೆ. ಸಾರ್ವಜನಿಕ ಹಣದಿಂದ ನಡೆಯುವ ಅಕಾಡೆಮಿಗಳೂ ವಿಶ್ವವಿದ್ಯಾಲಯಗಳೂ ಮುದ್ರಿಸುವ ಕನ್ನಡದ ಮೂಲ ಕಡತಗಳು ಎಲ್ಲಿರಬೇಕು? ಅಚ್ಚುಕೂಟದಲ್ಲಿ ಉಳಿದುಹೋದರೆ ಮರುಮುದ್ರಣಕ್ಕೆ ಮತ್ತೆ ಬೆರಳಚ್ಚಿನಿಂದಲೇ ತೊಡಗಬೇಕಾಗುತ್ತದೆ. ಅವು ನಾಡಿನ ಆಸ್ತಿ. ನೋಡುವ ಹಕ್ಕು ಕಾಸರಗೋಡಿನವರಿಗೂ ಸೊಲ್ಲಾಪುರದವರಿಗೂ ನಮಗೂ ಇರಬೇಕು. ಆದರೆ ಹೀಗೆ ಕೇಳುವ ಮುನ್ನ ನಮ್ಮ ಮನೆಯನ್ನು ನಾವು ಸರಿಪಡಿಸಿಕೊಳ್ಳೋಣ. ಅದಕ್ಕಾಗಿ ಕೆಲವು ಸೂಚನೆಗಳನ್ನು ತಮ್ಮ ಮುಂದಿಡುತ್ತೇನೆ.

ಕಡತದ ಒಡೆತನ ಸಂಘದ ಹೆಸರಿನ ಖಾತೆಯಲ್ಲಿರಲಿ, ಅದರ ಗುಪ್ತಪದ ಇಬ್ಬರು ಪದಾಧಿಕಾರಿಗಳಲ್ಲಿರಲಿ. ವ್ಯಕ್ತಿಗೆ ವರ್ಗವಾಗುತ್ತದೆ, ಸಾವೂ ಬರುತ್ತದೆ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಯನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ ಸಂಸ್ಥೆ 2023ರಲ್ಲಿ ತಂದಿದೆ.

ತಿದ್ದುವ ಅಧಿಕಾರ ವಿನ್ಯಾಸಕರಿಗೂ ಸಂಪಾದಕರಿಗೂ ಸಾಕು. ಕರಡು ತಿದ್ದುವವರಿಗೆ ಅಭಿಪ್ರಾಯ ಬರೆಯುವ ಅಧಿಕಾರ ಕೊಡೋಣ. ಅವರ ಸೂಚನೆ ಅಂಚಿನಲ್ಲಿ ಕಾಣುತ್ತದೆ, ಮೂಲ ಕೆಡುವುದಿಲ್ಲ. ಉಳಿದ ಸದಸ್ಯರೆಲ್ಲರೂ ನೋಡಲಿ. ಕೊಂಡಿಯ ಬದಲಿಗೆ ಅವರವರ ಮಿಂಚಂಚೆಯ ಹೆಸರಿಗೇ ಅನುಮತಿ ಕೊಡಬೇಕು, ಕೆಲಸ ಮುಗಿದೊಡನೆ ತಿದ್ದುವ ಅನುಮತಿಯನ್ನು ಹಿಂತೆಗೆದುಕೊಳ್ಳಬೇಕು. ಯಾರೂ ಅದನ್ನು ಅವಮಾನವೆಂದು ತಿಳಿಯಬಾರದು. ನೋಡಲು ಕೊಟ್ಟದ್ದನ್ನು ಪರದೆಯ ಚಿತ್ರ ತೆಗೆದು ಹಂಚುವುದನ್ನು ಯಾವ ಬೀಗವೂ ತಡೆಯಲಾರದು. ಆದ್ದರಿಂದ ಸದಸ್ಯರ ಮನೆವಿಳಾಸ, ದೂರವಾಣಿಗಳ ಪಟ್ಟಿಯನ್ನು ಆ ಕಡತದಲ್ಲಿ ಇಡಲೇಬಾರದು.

ಹಳೆಯ ಆವೃತ್ತಿಗಳು ತಾವಾಗಿ ಉಳಿಯುತ್ತವೆಂದು ನಂಬಬೇಡಿ. ಗೂಗಲ್ ಡ್ರೈವಿಗೆ ಏರಿಸಿದ ಚಿತ್ರ, ಪಿಡಿಎಫ್‌ನಂಥ ಕಡತಗಳ ಹಿಂದಿನ ಆವೃತ್ತಿಗಳು ಸಾಮಾನ್ಯವಾಗಿ 30 ದಿನ ಅಥವಾ 100 ಆವೃತ್ತಿಗಳ ಮಿತಿಯವರೆಗೆ ಮಾತ್ರ ಉಳಿಯುತ್ತವೆ. ವಾರಕ್ಕೊಮ್ಮೆ ದಿನಾಂಕ ಹಾಕಿ ಒಂದು ಪ್ರತಿ ತೆಗೆದಿಡಬೇಕು. ಮುದ್ರಕರಿಗೆ ಮೂಲವನ್ನು ಕೊಡದೆ, ಅಕ್ಷರಶೈಲಿಯನ್ನು ಒಳಗೊಂಡ ಪಿಡಿಎಫ್ ಪ್ರತಿಯನ್ನು ಕೊಡಬೇಕು. ಆಗ ಒತ್ತಕ್ಷರ ಕದಲುವುದಿಲ್ಲ. ಪಠ್ಯ ಯೂನಿಕೋಡಿನಲ್ಲಿಯೂ ಅಕ್ಷರಶೈಲಿ ಮುಕ್ತ ಪರವಾನಗಿಯದೂ ಆಗಿದ್ದರೆ, ಮುಂದೆ ಬರುವವರಿಗೆ ಕಸದ ರಾಶಿ ಸಿಗಲಾರದು. ಹೆಸರುಗಳ ಪುಟವನ್ನು ಮಾತ್ರ, ಅಚ್ಚಿಗೆ ಹೋಗುವ ಮುನ್ನ, ಇಬ್ಬರು ಹಿರಿಯರು ಕಾಗದದ ಮೇಲೆ ಓದಿ ರುಜು ಹಾಕಬೇಕು. ಇದು ಹಳೆಯ ಕಾಲದ ಗುಮಾಸ್ತನ ಮಾತೆಂದು ನಗಬೇಡಿ.

ಬಂಧುಗಳೇ, ಮುಂದಿನ ಸಂಚಿಕೆಯ ಹೆಸರುಗಳ ಪುಟದ ಕರಡನ್ನು ಕಳೆದ ವಾರ ಆ ತಾಯಿಯವರ ಮನೆಗೆ ನಾನೇ ಒಯ್ದಿದ್ದೆ. ತಮ್ಮ ಹೆಸರು ಮೊದಲ ಸಾಲಿನಲ್ಲಿರುವುದನ್ನು ಅವರು ಕಂಡರು. ಆದರೆ ಬೆರಳಿಟ್ಟದ್ದು ಆರನೆಯ ಸಾಲಿನ ಮೇಲೆ. "ಇವಳು ಹೋಗಿ ಹನ್ನೆರಡು ವರ್ಷವಾಯಿತು. ಇವಳ ಹೆಸರಿಗೆ ದೀರ್ಘ ಬಿಟ್ಟುಹೋಗಿದೆ, ಹಾಕಿ" ಎಂದರು. ಆ ದೀರ್ಘವನ್ನು ಹಾಕಿದ್ದೇವೆ. ಆ ಪುಟಕ್ಕೆ ಅವರ ರುಜುವನ್ನೂ ಪಡೆದಿದ್ದೇವೆ.