ರೆಫ್ರಿಜರೇಟರ್ ತಾಯಂದಿರು

ಮಗುವಿಗೆ ಆಟಿಸಂ ಬರುವುದು ತಾಯಿಯ ಪ್ರೀತಿ ತಣ್ಣಗಿರುವುದರಿಂದ ಎಂಬ ನಂಬಿಕೆ ಅಮೆರಿಕದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ವೈದ್ಯಶಾಸ್ತ್ರದ ಹೆಸರಿನಲ್ಲೇ ಚಲಾವಣೆಯಲ್ಲಿತ್ತು. ಬಾಲ್ಟಿಮೋರ್‌ನ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳ ಬಗ್ಗೆ ಬರೆದ ಪ್ರಬಂಧದಲ್ಲಿ ಅದರ ಬೀಜವಿದೆ. ಈ ಸ್ಥಿತಿ ಹುಟ್ಟಿನಿಂದಲೇ ಬಂದದ್ದೆಂದು ಅವರು ಪ್ರಬಂಧವನ್ನು ಮುಗಿಸಿದ್ದರೂ, ಈ ಮಕ್ಕಳ ಹೆತ್ತವರಲ್ಲಿ ಅಂತಃಕರಣವುಳ್ಳವರು ಕಡಿಮೆ ಎಂಬ ಮಾತನ್ನೂ ಸೇರಿಸಿದ್ದರು. ಜನ ಹಿಡಿದುಕೊಂಡದ್ದು ಎರಡನೆಯದನ್ನು. 1949ರಲ್ಲಿ ಕ್ಯಾನರರೇ ಈ ಮಕ್ಕಳನ್ನು ಹಿಮ ಕರಗದ ರೆಫ್ರಿಜರೇಟರಿನಲ್ಲಿ ಇಟ್ಟಂತಿತ್ತು ಎಂದು ಬರೆದರು. ಆ ಹೋಲಿಕೆಯಲ್ಲಿ ತಂದೆಯೂ ಇದ್ದ. ಜನರ ಬಾಯಲ್ಲಿ ಉಳಿದವಳು ತಾಯಿ.

ಆರೋಪಕ್ಕೆ ಸಿಕ್ಕ ಸಾಕ್ಷ್ಯ ವಿಚಿತ್ರವಾದದ್ದು. ಮಗು ಏನು ಕಲಿಯಿತು, ಏನು ಮಾತಾಡಿತು ಎಂದು ಹೆತ್ತವರು ದಿನಚರಿ ಬರೆದಿಟ್ಟಿದ್ದರು. ಒಂದು ಮಗುವಿನ ತಂದೆ 33 ಪುಟಗಳ ಪತ್ರವನ್ನೇ ಕಳಿಸಿದ್ದ. ಕ್ಯಾನರರಿಗೆ ಅದರಲ್ಲಿ ಕಂಡದ್ದು ಕಾಳಜಿಯಲ್ಲ, ಗೀಳು. ದೂರದ ತಜ್ಞರವರೆಗೆ ಮಗುವನ್ನು ಕರೆತರಬಲ್ಲವರು ಹೆಚ್ಚಾಗಿ ಓದುಬರಹ ಬಲ್ಲ ಅನುಕೂಲಸ್ಥರೇ ಎಂಬ ಸರಳ ಸಂಗತಿ ಲೆಕ್ಕಕ್ಕೆ ಬರಲಿಲ್ಲ.

ಷಿಕಾಗೊದಲ್ಲಿ ಮಕ್ಕಳ ಚಿಕಿತ್ಸಾ ಶಾಲೆ ನಡೆಸುತ್ತಿದ್ದ ಬ್ರೂನೊ ಬೆಟೆಲ್‌ಹೈಮ್ 1967ರ 'ದಿ ಎಂಪ್ಟಿ ಫೋರ್ಟ್ರೆಸ್' ಪುಸ್ತಕದಲ್ಲಿ ಈ ಆರೋಪವನ್ನು ಇನ್ನೂ ಮುಂದಕ್ಕೆ ಒಯ್ದರು. ಮಗುವನ್ನು ಮನೆಯವರಿಂದ ದೂರವಿಡುವುದೇ ಚಿಕಿತ್ಸೆಯ ಭಾಗವಾಯಿತು. ಎಷ್ಟೋ ತಾಯಂದಿರನ್ನೂ ಮನೋವಿಶ್ಲೇಷಣೆಗೆ ಕೂರಿಸಿದರು; ತಮ್ಮೊಳಗಿನ ತಪ್ಪನ್ನು ಹುಡುಕಿ ಒಪ್ಪಿಕೊಳ್ಳುವುದು ಅವರ ಪಾಲಿನ ಕೆಲಸ. ಒಪ್ಪಿದರೆ ತಪ್ಪಿತಸ್ಥೆ, ಒಪ್ಪದಿದ್ದರೆ ಕಲ್ಲೆದೆಯವಳು. ಅದೇ ಮಡಿಲಲ್ಲಿ ಬೆಳೆದ ಉಳಿದ ಮಕ್ಕಳು ಚೆನ್ನಾಗಿದ್ದರೂ ಅದು ಆಕೆಯ ಪರವಾದ ಸಾಕ್ಷಿಯಾಗಲಿಲ್ಲ.

ಪ್ರತಿವಾದ ಹುಟ್ಟಿದ್ದು ಮನೆಗಳಿಂದಲೇ. ಆಟಿಸಂ ಇದ್ದ ಮಗನ ತಂದೆ, ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್, ಕಾರಣ ದೇಹದಲ್ಲಿದೆ ಎಂದು 1964ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಆ ಪುಸ್ತಕಕ್ಕೆ ಮುನ್ನುಡಿ ಬರೆದವರು ಕ್ಯಾನರ್. ಬೆಟೆಲ್‌ಹೈಮರ ಪುಸ್ತಕ ಬಂದ ವರ್ಷವೇ ಕ್ಲಾರಾ ಪಾರ್ಕ್ ಎಂಬ ತಾಯಿ ತನ್ನ ಮಗಳ ಕಥೆಯನ್ನು 'ದಿ ಸೀಜ್' ಎಂಬ ಹೆಸರಿನಲ್ಲಿ ಹೊರತಂದರು. 1969ರಲ್ಲಿ ಹೆತ್ತವರ ಸಮಾವೇಶವೊಂದರಲ್ಲಿ ಕ್ಯಾನರರೇ ಅವರನ್ನು ನಿರ್ದೋಷಿಗಳೆಂದು ಘೋಷಿಸಿದರು. ತೀರ್ಪು ಕೊಟ್ಟವರೇ ಮೊದಲು ದೂರು ಕೊಟ್ಟವರಾಗಿದ್ದರು ಎಂಬುದು ಸಭಿಕರಿಗೆ ತಿಳಿಯದ್ದೇನಲ್ಲ. 1977ರಲ್ಲಿ ಸಂಶೋಧಕರಾದ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕಲ್ ರಟರ್ 21 ಅವಳಿ ಜೋಡಿಗಳನ್ನು ಪರೀಕ್ಷಿಸಿ ಅನುವಂಶೀಯತೆಯ ಪಾತ್ರವನ್ನು ತೋರಿಸಿದರು.

ಆ ತಾಯಂದಿರಲ್ಲಿ ಕೆಲವರು 'ರೆಫ್ರಿಜರೇಟರ್ ಮದರ್ಸ್' ಎಂಬ 2002ರ ಸಾಕ್ಷ್ಯಚಿತ್ರದಲ್ಲಿ ಮಾತಾಡಿದ್ದಾರೆ. ಅವರಲ್ಲೊಬ್ಬ ಕಪ್ಪುವರ್ಣದ ತಾಯಿಗೆ ಈ ದೂಷಣೆಯ ಹೆಸರೂ ದಕ್ಕಿರಲಿಲ್ಲ: ಆಕೆ ಬಿಳಿಯಳಲ್ಲ, ಓದಿದವಳೂ ಆಗಿರಲಾರಳು, ಆದ್ದರಿಂದ ಮಗನದ್ದು ಆಟಿಸಂ ಆಗಿರಲು ಸಾಧ್ಯವಿಲ್ಲ ಎಂದು ವೈದ್ಯರು ತೀರ್ಮಾನಿಸಿದ್ದರು.