ಮನಸ್ಸಿನ ಭಾರ, ಮೈಯ ಬೇನೆ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಬೆಳಗಿನ ಪಾಳಿ ಮುಗಿಸಿ, ಒಂದಿಷ್ಟು ಮೈ ಚಾಚುವ ಹೊತ್ತನ್ನು ಬಿಟ್ಟು ತಾವು ಇಲ್ಲಿ ಬಂದು ಕುಳಿತಿದ್ದೀರಿ. ಆದುದರಿಂದ ಉದ್ದನೆಯ ಪೀಠಿಕೆ ಹಾಕದೆ ವಿಷಯಕ್ಕೆ ಬರುತ್ತೇನೆ. ನಾನು ವೈದ್ಯನಲ್ಲ. ವೈದ್ಯರು ಬರೆದುದನ್ನು ಓದಿ, ನಮ್ಮವರಿಗೆ ಬೇಕಾದಷ್ಟನ್ನು ಆರಿಸಿ ತಂದಿದ್ದೇನೆ.

ನಮ್ಮವನೊಬ್ಬನಿಗೆ ಎದೆಯುರಿ, ತಲೆನೋವು, ರಾತ್ರಿ ನಿದ್ದೆಯಿಲ್ಲ. ದವಾಖಾನೆಗೆ ಹೋಗುತ್ತಾನೆ. ರಕ್ತ ನೋಡುತ್ತಾರೆ, ಎದೆಯ ಫೋಟೋ ತೆಗೆಯುತ್ತಾರೆ, ಕೊನೆಗೆ "ಏನೂ ಇಲ್ಲ, ಎಲ್ಲ ನಿನ್ನ ಮನಸ್ಸಿನದು" ಎಂದು ಕಳುಹಿಸಿಬಿಡುತ್ತಾರೆ. ಖೋಲಿಗೆ ಬಂದರೆ ಜೊತೆಯವರು "ಕೆಲಸ ತಪ್ಪಿಸುವ ಸೋಗು" ಎನ್ನುತ್ತಾರೆ. ಇನ್ನೊಂದು ಕಡೆ, ಸ್ಟೇಶನ್ನಿನ ಹೊರಗೆ ಕರಪತ್ರ ಹಂಚುವವನು "ಮನಸ್ಸು ಗಟ್ಟಿ ಮಾಡಿಕೋ, ಎಂಥ ರೋಗವೂ ಓಡುತ್ತದೆ, ಗುಳಿಗೆ ಬಿಸಾಡು" ಎನ್ನುತ್ತಾನೆ. ಮೊದಲಿನವರು ಮನಸ್ಸಿನಿಂದ ಬಂದ ನೋವನ್ನು ಸುಳ್ಳೆಂದರು. ಈತ ಮೈಯ ರೋಗವನ್ನೇ ಸುಳ್ಳೆಂದ. ಈ ಎರಡು ಮಾತನ್ನೂ ನಂಬಬೇಡಿ ಎಂದು ಹೇಳುವುದಕ್ಕೇ ನಾನು ನಿಂತಿದ್ದೇನೆ.

ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ವ್ಯತ್ಯಾಸ, ಚಿತೆ ಸತ್ತವನನ್ನು ಸುಡುತ್ತದೆ, ಚಿಂತೆ ಬದುಕಿರುವವನನ್ನು ಸುಡುತ್ತದೆ ಎಂದು ಹಿರಿಯರು ಹೇಳುವುದುಂಟು. ಅದು ಬರಿಯ ಮಾತಿನ ಚಮತ್ಕಾರವಲ್ಲವೆಂದು ತೋರಿಸಿಕೊಟ್ಟವರಲ್ಲಿ ಒಬ್ಬನು ನಮ್ಮಂತೆಯೇ ಕೂಲಿಯಾಳು. ಅವನ ಹೆಸರು ಅಲೆಕ್ಸಿ ಸೇಂಟ್ ಮಾರ್ಟಿನ್. ಅಮೇರಿಕದ ಉತ್ತರದ ಸರೋವರಗಳಲ್ಲಿ ತುಪ್ಪಳದ ಕಂಪನಿಯೊಂದಕ್ಕಾಗಿ ದೋಣಿ ನಡೆಸುತ್ತಿದ್ದ ತರುಣ. 1822ರ ಜೂನ್ 6ರಂದು ಕಂಪನಿಯ ಅಂಗಡಿಯಲ್ಲಿ ಯಾರದೋ ಬಂದೂಕು ಅಕಸ್ಮಾತ್ತಾಗಿ ಹಾರಿ, ಅವನ ಹೊಟ್ಟೆಯ ಎಡಭಾಗ ಕಿತ್ತುಹೋಯಿತು. ಸೇನೆಯ ವೈದ್ಯ ವಿಲಿಯಂ ಬೋಮಾಂಟ್ ಶುಶ್ರೂಷೆ ಮಾಡಿದ. ಸಾಯುವನೆಂದುಕೊಂಡವನು ಬದುಕಿದ, ಆದರೆ ಗಾಯದ ಬಾಯಿ ಕೂಡಿಕೊಳ್ಳಲಿಲ್ಲ. ಜಠರಕ್ಕೆ ಕಿಟಕಿಯೊಂದು ಉಳಿದುಬಿಟ್ಟಿತು.

ಡಾಕ್ಟರನು ಅವನನ್ನು ಕರಾರು ಬರೆಸಿ ಆಳಾಗಿ ಇಟ್ಟುಕೊಂಡ. ಮನೆಯ ಕೆಲಸವನ್ನೂ ಮಾಡಿಸಿದ, ಮಾಂಸದ ಚೂರನ್ನು ರೇಷ್ಮೆದಾರಕ್ಕೆ ಕಟ್ಟಿ ಆ ತೂತಿನಲ್ಲಿ ಇಳಿಬಿಟ್ಟು ಅದು ಕರಗುವುದನ್ನೂ ನೋಡಿದ. ಬಡವನ ಹೊಟ್ಟೆಯನ್ನು ಇಷ್ಟು ಕುತೂಹಲದಿಂದ ನೋಡಿದ ಯಜಮಾನ ಇನ್ನೊಬ್ಬನಿರಲಾರ! 1833ರಲ್ಲಿ ಬೋಮಾಂಟ್ ತನ್ನ ಪುಸ್ತಕವನ್ನು ಅಚ್ಚು ಹಾಕಿಸಿದ. ಆತ ಕಂಡುದೇನೆಂದರೆ, ಕೋಪ, ಭಯ ಬಂದಾಗ ಜಠರದ ಒಳಪದರ ಒಮ್ಮೆ ಕೆಂಪಾಗಿ ಒಣಗುತ್ತಿತ್ತು, ಇನ್ನೊಮ್ಮೆ ಬಿಳಿಚಿಕೊಳ್ಳುತ್ತಿತ್ತು, ಪಚನ ಕೆಡುತ್ತಿತ್ತು. ತಲೆಯಲ್ಲಿ ಎದ್ದ ಸಿಟ್ಟು ಹೊಟ್ಟೆಗೆ ಇಳಿದುದನ್ನು ಮನುಷ್ಯನ ಕಣ್ಣು ಕಂಡಿತು. ಅಂದಹಾಗೆ, ಬೋಮಾಂಟ್ 1853ರಲ್ಲಿ ತೀರಿಕೊಂಡ. ಹೊಟ್ಟೆಯಲ್ಲಿ ತೂತಿದ್ದ ಆಳು 1880ರವರೆಗೆ ಬದುಕಿದ.

ಇದು ಹೇಗೆ ನಡೆಯುತ್ತದೆ ಎಂಬುದನ್ನು ಹಾರ್ವರ್ಡಿನ ವಾಲ್ಟರ್ ಕ್ಯಾನನ್ ವಿವರಿಸಿದ. ತಿಂದ ಬೆಕ್ಕನ್ನು ಕ್ಷಕಿರಣದಲ್ಲಿ ನೋಡುತ್ತಿರುವಾಗ, ಬೆಕ್ಕು ಗಾಬರಿಗೊಂಡರೆ ಅದರ ಹೊಟ್ಟೆಯ ಚಲನೆ ನಿಂತುಹೋಗುತ್ತಿತ್ತು. ಮೈ ಸವರಿ ಸಮಾಧಾನ ಮಾಡಿದರೆ ಮತ್ತೆ ಆರಂಭವಾಗುತ್ತಿತ್ತು. 1915ರಲ್ಲಿ ಅವನ ಗ್ರಂಥ ಬಂತು. ಅಪಾಯ ಕಂಡೊಡನೆ ನಮ್ಮ ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆ ಜೋರಾಗಿ ಬಡಿಯುತ್ತದೆ, ರಕ್ತದ ಒತ್ತಡ ಏರುತ್ತದೆ, ರಕ್ತಕ್ಕೆ ಸಕ್ಕರೆ ಇಳಿಯುತ್ತದೆ, ಪಚನದ ಕೆಲಸಕ್ಕೆ ತಡೆ ಬೀಳುತ್ತದೆ. ಹುಲಿ ಬಂದರೆ ಓಡುವುದಕ್ಕೋ ಹೊಡೆದಾಡುವುದಕ್ಕೋ ಮಾಡಿದ ಏರ್ಪಾಡು ಇದು. ಓಡಿದರೆ ಎಲ್ಲವೂ ಖರ್ಚಾಗಿ ಮೈ ಮೊದಲಿನಂತಾಗುತ್ತದೆ.

ಹೋಟೆಲಿನಲ್ಲಿ ಹುಲಿ ಎಲ್ಲಿಂದ ಬರಬೇಕು? ಆದರೆ ಮಧ್ಯಾಹ್ನ ಒಂದು ಗಂಟೆಯ ನೂಕುನುಗ್ಗಲಿನಲ್ಲಿ ಗಿರಾಕಿ "ಏಯ್" ಎಂದು ಕೂಗುತ್ತಾನೆ, ಒಳಗಿನಿಂದ ಭಟ್ಟರು ಗದರುತ್ತಾರೆ, ಗಲ್ಲೆಯ ಮೇಲಿನ ಧಣಿಗಳು ಕಣ್ಣು ಕೆಂಪಗೆ ಮಾಡುತ್ತಾರೆ. ಎದೆ ಬಡಿಯುತ್ತದೆ. ಓಡುವಂತಿಲ್ಲ, ಹೊಡೆಯುವಂತಂತೂ ಇಲ್ಲವೇ ಇಲ್ಲ. ಕೈಯಲ್ಲಿ ಆರು ತಟ್ಟೆ ಹಿಡಿದು ನಗುಮುಖ ತೋರಿಸಬೇಕು. ಊರಿನಿಂದ ಸಾಲದ ಸುದ್ದಿ ಬಂದ ದಿನ ಹೇಳುವುದೇ ಬೇಡ. ಹೀಗೆ ದಿನಕ್ಕೆ ಹತ್ತು ಸಲ, ವರ್ಷಗಟ್ಟಲೆ ನಡೆದರೆ ಮೈ ಸುಮ್ಮನಿದ್ದೀತೆ?

ಸುಮ್ಮನಿರುವುದಿಲ್ಲ ಎಂಬುದಕ್ಕೆ ಇತ್ತೀಚಿನ ಪುರಾವೆಗಳೂ ಇವೆ. ಇಂಗ್ಲೆಂಡಿನಲ್ಲಿ 394 ಮಂದಿ ಆರೋಗ್ಯವಂತರು ತಾವಾಗಿಯೇ ಒಪ್ಪಿ ಮೂಗಿಗೆ ನೆಗಡಿಯ ವೈರಾಣು ಹಾಕಿಸಿಕೊಂಡರು. 1991ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮನಸ್ಸಿನ ಒತ್ತಡ ಅತಿ ಕಡಿಮೆಯಿದ್ದವರಲ್ಲಿ 100ಕ್ಕೆ 27 ಮಂದಿಗೆ ನೆಗಡಿ ಹಿಡಿದರೆ, ಅತಿ ಹೆಚ್ಚಿದ್ದವರಲ್ಲಿ 47 ಮಂದಿಗೆ ಹಿಡಿಯಿತು. ಅಮೇರಿಕದಲ್ಲಿ, ಬುದ್ಧಿ ಮಂಕಾದ ಮನೆಯವರನ್ನು ಹಗಲಿರುಳು ನೋಡಿಕೊಂಡು ಬಳಲಿದ 13 ಹೆಂಗಸರ ತೋಳಿನ ಮೇಲೆ ಒಂದು ಸಣ್ಣ ಗಾಯ ಮಾಡಿ ನೋಡಿದರು. ಅದೇ ವಯಸ್ಸಿನ ಬೇರೆ ಹೆಂಗಸರ ಗಾಯಕ್ಕಿಂತ ಅದು ಮಾಯಲು ಸುಮಾರು 9 ದಿನ ಹೆಚ್ಚು ಹಿಡಿಯಿತು. ಇದು 1995ರ ಮಾತು.

ಚಿಂತೆ ಕೆಡಿಸಬಲ್ಲುದಾದರೆ, ಭರವಸೆ ಸುಧಾರಿಸಬಲ್ಲುದೆ? ಒಂದು ಮಟ್ಟಿಗೆ ಹೌದು. ಎರಡನೆಯ ಮಹಾಯುದ್ಧದಲ್ಲಿ ಗಾಯಾಳುಗಳನ್ನು ನೋಡಿಕೊಂಡ ಹೆನ್ರಿ ಬೀಚರ್ ಎಂಬ ಡಾಕ್ಟರರು 1946ರಲ್ಲಿ ಬರೆದ ಸಂಗತಿ ಇದು: ಭಾರಿ ಗಾಯವಾದ ಸೈನಿಕರಲ್ಲಿ ಮುಕ್ಕಾಲು ಪಾಲು ಮಂದಿ, ಗಂಟೆಗಟ್ಟಲೆ ಮಾರ್ಫಿನ್ ಇಲ್ಲದಿದ್ದರೂ, ನೋವಿನ ಮದ್ದು ಬೇಡವೆಂದರು. ಯುದ್ಧದಿಂದ ಪಾರಾದೆ, ಇನ್ನು ಮನೆಗೆ ಹೋಗಬಹುದು ಎಂಬ ನೆಮ್ಮದಿಯೇ ಇದಕ್ಕೆ ಕಾರಣವಿರಬೇಕೆಂದು ಅವರು ಊಹಿಸಿದರು. 1978ರಲ್ಲಿ ಹಲ್ಲು ಕೀಳಿಸಿಕೊಂಡ ರೋಗಿಗಳ ಮೇಲೆ ನಡೆದ ಪರೀಕ್ಷೆ ಇನ್ನೂ ಸ್ವಾರಸ್ಯವಾದುದು. ಮದ್ದೇ ಇಲ್ಲದ ಚುಚ್ಚುಮದ್ದನ್ನು ಮದ್ದೆಂದು ನಂಬಿದವರಲ್ಲಿ ಕೆಲವರ ನೋವು ಇಳಿಯಿತು. ಅಫೀಮಿನ ಗುಣವನ್ನು ಅಡಗಿಸುವ ಇನ್ನೊಂದು ಔಷಧಿ ಕೊಟ್ಟೊಡನೆ ಅವರಿಗೆ ನೋವು ಮರುಕಳಿಸಿತು. ಎಂದರೆ ನಂಬಿಕೆಯ ಬಲದಿಂದ ಮಿದುಳು ಅಫೀಮಿನಂಥ ರಸವನ್ನು ತಾನೇ ಹೊರಡಿಸಿತ್ತು! ಡಾಕ್ಟರರ ಒಂದು ಒಳ್ಳೆಯ ಮಾತಿಗೆ, ಹಾಸಿಗೆಯ ಪಕ್ಕದಲ್ಲಿ ಕೂರುವ ಗೆಳೆಯನಿಗೆ ಬೆಲೆಯಿರುವುದು ಇದರಿಂದಲೇ.

ಆದರೆ ಇಲ್ಲಿಗೆ ಎಚ್ಚರವಾಗಿರಬೇಕು. ನಂಬಿಕೆ ನೋವನ್ನು ಇಳಿಸೀತು, ಕ್ರಿಮಿಯನ್ನು ಕೊಲ್ಲಲಾರದು. ಹೊಟ್ಟೆಯ ಹುಣ್ಣನ್ನೇ ತೆಗೆದುಕೊಳ್ಳಿ. ಬಹಳ ವರ್ಷ ಅದನ್ನು ಚಿಂತೆಯ ರೋಗವೆಂದೇ ತಿಳಿದಿದ್ದರು. "ಚಿಂತೆ ಬಿಡು, ಹಾಲು ಕುಡಿ" ಎನ್ನುತ್ತಿದ್ದರು. ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್, ಅದರ ಮುಖ್ಯ ಕಾರಣ ಒಂದು ಸೂಕ್ಷ್ಮಕ್ರಿಮಿ ಎಂದರು. ಯಾರೂ ನಂಬಲೊಲ್ಲರು. 1984ರಲ್ಲಿ ಮಾರ್ಷಲ್ ಆ ಕ್ರಿಮಿಯನ್ನು ತಾನೇ ಕುಡಿದು, ಕೆಲವೇ ದಿನಗಳಲ್ಲಿ ವಾಂತಿ, ಜಠರದ ಉರಿಯೂತ ಬರಿಸಿಕೊಂಡು ತೋರಿಸಿದ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ಬಂತು. ಹುಣ್ಣಿಗೆ ಇನ್ನೊಂದು ದೊಡ್ಡ ಕಾರಣವೂ ಉಂಟು: ಬೆನ್ನುನೋವಿಗೆ, ಕಾಲುನೋವಿಗೆ ನಾವು ಅಂಗಡಿಯಿಂದ ತಂದು ನುಂಗುವ ನೋವಿನ ಗುಳಿಗೆಗಳು. ಆದಕಾರಣ ಹೊಟ್ಟೆನೋವು ಬಿಡದಿದ್ದರೆ ಮನಸ್ಸಿನದೆಂದು ನೀವೇ ತೀರ್ಮಾನಿಸಬೇಡಿ.

ಕ್ಷಯದ ವಿಷಯವೂ ಹೀಗೆಯೇ. ಹಿಂದೆ ಒಳ್ಳೆಯ ಗಾಳಿ, ವಿಶ್ರಾಂತಿ, ಪ್ರಸನ್ನ ಮನಸ್ಸು ಎಂದು ಆರೋಗ್ಯಧಾಮಕ್ಕೆ ಕಳುಹಿಸುತ್ತಿದ್ದರು. ಮದರಾಸಿನಲ್ಲಿ ನಡೆದ ಪರೀಕ್ಷೆಯ ಫಲ 1959ರಲ್ಲಿ ಹೊರಬಂತು: ಇಕ್ಕಟ್ಟಿನ ಮನೆಯಲ್ಲೇ ಇದ್ದು, ಸಾಧಾರಣ ಊಟ ಮಾಡಿ, ಔಷಧಿಯನ್ನು ತಪ್ಪದೆ ಸೇವಿಸಿದ ಬಡವರೂ ಆರೋಗ್ಯಧಾಮದವರಷ್ಟೇ ಗುಣವಾದರು. ರೋಗ ಗುಣಪಡಿಸಿದ್ದು ಔಷಧಿ. ಹಾಗಾದರೆ ಮನಸ್ಸಿಗೆ ಕೆಲಸವಿಲ್ಲವೆ? ಇದೆ. ಎರಡು ತಿಂಗಳಲ್ಲಿ ಕೆಮ್ಮು ನಿಂತಾಗ "ಗುಣವಾಯಿತು" ಎಂದು ಗುಳಿಗೆ ಬಿಡುವವನೂ, ಯಾರಾದರೂ ತನ್ನ ಲೋಟವನ್ನು ಬೇರೆ ಇಟ್ಟರೆಂದು ನಾಚಿ ಊರಿಗೆ ಓಡಿಹೋಗುವವನೂ ಮನಸ್ಸಿನಿಂದಲೇ ಕೆಡುತ್ತಾನೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧಿ ಸರಕಾರದಿಂದ ಪುಕ್ಕಟೆ ಸಿಗುತ್ತದೆ. ಅದನ್ನು ಮುಗಿಸುವಷ್ಟು ಧೈರ್ಯವನ್ನು ಖೋಲಿಯ ಜೊತೆಗಾರರು ಕೊಡಬೇಕು.

ಇನ್ನು "ಚಿಂತೆ ಮಾಡಬೇಡ" ಎಂಬ ಉಪದೇಶ. ಹೇಳುವವನಿಗೆ ಖರ್ಚಿಲ್ಲ! 1967ರಲ್ಲಿ ಲಂಡನ್ನಿನ ಸರಕಾರಿ ಕಚೇರಿಗಳ ಸುಮಾರು 18,000 ಗಂಡಸರ ಆರೋಗ್ಯವನ್ನು ಗಮನಿಸಲಾರಂಭಿಸಿದರು. ಜವಾಬ್ದಾರಿಯ ಭಾರ ಹೊತ್ತ ದೊಡ್ಡ ಸಾಹೇಬರಿಗೇ ಹೃದಯದ ರೋಗ ಹೆಚ್ಚೆಂದು ಲೋಕವೆಲ್ಲ ನಂಬಿತ್ತು. ಲೆಕ್ಕ ತಿರುವುಮುರುವಾಯಿತು. ಕೆಳದರ್ಜೆಯ ಜವಾನರಲ್ಲಿ ಹೃದಯರೋಗದ ಸಾವು ಮೇಲಿನವರಿಗಿಂತ ಮೂರು ಪಟ್ಟಿಗೂ ಮಿಗಿಲು. ಬೀಡಿ ಸಿಗರೇಟು, ರಕ್ತದೊತ್ತಡ ಎಲ್ಲ ಲೆಕ್ಕ ಹಾಕಿದರೂ ಅಂತರ ಪೂರ್ತಿ ತುಂಬಲಿಲ್ಲ. ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದವನಿಗೆ ಹೃದಯರೋಗದ ಭಯ ಹೆಚ್ಚು ಎಂದು ಮುಂದಿನ ಅಧ್ಯಯನ 1997ರಲ್ಲಿ ಹೇಳಿತು. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದುದನ್ನು ಕಂಡ ಹಿರಿಯರು ಇಲ್ಲಿದ್ದಾರೆ. ಅವರಿಗೆ ಇದನ್ನು ಪುಸ್ತಕ ನೋಡಿ ಹೇಳಬೇಕಾಗಿಲ್ಲ. ಕಾಯಿಲೆ ಬಿದ್ದವನನ್ನು "ನೀನೇ ಚಿಂತೆ ಮಾಡಿ ತಂದುಕೊಂಡೆ" ಎನ್ನುವುದು ಅನ್ಯಾಯ. ವಾರದ ರಜೆ ಕೈಗೆ ಸಿಗುವುದು, ಪಾಳಿಯ ವೇಳೆ ಮೊದಲೇ ತಿಳಿಯುವುದು, ಮಲಗಲು ಗಾಳಿಯಾಡುವ ಜಾಗ ದೊರೆಯುವುದು, ಇವೂ ಔಷಧಿಗಳೇ. ಇವುಗಳ ಚೀಟಿ ಬರೆಯಬೇಕಾದವರು ಡಾಕ್ಟರರಲ್ಲ, ನಾವು ಮತ್ತು ಧಣಿಗಳು.

ಕೊನೆಗೆ ಎರಡು ಕೆಲಸದ ಮಾತು. ಎರಡು ವಾರ ಕಳೆದರೂ ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡವೆನಿಸಿದರೆ 14416 ಎಂಬ ಸಂಖ್ಯೆಗೆ ಫೋನು ಮಾಡಿ. ಜೀವದ ಮೇಲೆ ಬೇಸರ ಬಂದರಂತೂ ಎರಡು ವಾರ ಕಾಯಲೇಬೇಡಿ. ಸರಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆ ಅದು. ಹಗಲು ರಾತ್ರಿ ನಡೆಯುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಎರಡನೆಯದು, ದವಾಖಾನೆಗೆ ಒಬ್ಬನೇ ಹೋಗಲು ಅಂಜುವವರು, ಅಲ್ಲಿ ಮರಾಠಿ ಹಿಂದಿಯಲ್ಲಿ ಬೇನೆ ವಿವರಿಸಲಾರದವರು ನಮ್ಮಲ್ಲಿ ಎಷ್ಟೋ ಮಂದಿ. ಅಂಥವರ ಜೊತೆಗೆ ಹೋಗಿಬರಲು ಸಿದ್ಧರಿರುವವರು, ಬಿಡುವಿನ ದಿನ ಯಾವುದೆಂದು ತಿಳಿಸಿ, ಹೊರಡುವ ಮುಂಚೆ ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿರಿ. ಸಂಜೆಯ ಪಾಳಿಗೆ ಇನ್ನೂ ಅರ್ಧ ಗಂಟೆ ಇದೆ, ಪ್ರಶ್ನೆಗಳಿದ್ದರೆ ಕೇಳಬಹುದು.